ಪ್ರಶ್ನೋತ್ತರ: ತರಗತಿಗೆ ಹಗಲ ಬೆಳಕು ಸಾಲುತ್ತಿಲ್ಲ

ಮುಖ್ಯ ಶಿಕ್ಷಕಿ: ನಮಸ್ಕಾರ ಸರ್. ನಮ್ಮ ತರಗತಿ ಕಿಟಕಿಯಿಂದ ಎದುರು ಗೋಡೆಯವರೆಗೆ 8 ಮೀಟರ್ ಇದೆ. ಕಿಟಕಿಗಳಿರುವುದು ಪಶ್ಚಿಮಕ್ಕೆ ಮಾತ್ರ, ಅವುಗಳ ಮೇಲಂಚು ನೆಲದಿಂದ 2.1 ಮೀಟರ್. ಮಧ್ಯಾಹ್ನ ಎರಡು ದಾಟಿದರೆ ಕಿಟಕಿ ಬದಿಯ ಮಕ್ಕಳು ನೋಟ್‌ಬುಕ್ಕನ್ನು ಹಣೆಗೆ ಅಡ್ಡ ಹಿಡಿದು ಕೂರುತ್ತಾರೆ. ಹಾಗಾಗಿ ಪರದೆಗಳನ್ನು ಸೇಫ್ಟಿ ಪಿನ್ ಹಾಕಿ ಮುಚ್ಚಿದ್ದೇವೆ, ದಿನವಿಡೀ ದೀಪ ಉರಿಯುತ್ತದೆ. ದೊಡ್ಡ ಗಾಜು ಹಾಕಿಸಿದರೆ ದೀಪ ಆರಿಸಬಹುದೇ?

ವಾಸ್ತುಶಿಲ್ಪಿ: ದಯವಿಟ್ಟು ಹಾಕಿಸಬೇಡಿ, ಮೇಡಂ. ಪಕ್ಕದ ಕಿಟಕಿಯಿಂದ ಬರುವ ಉಪಯುಕ್ತ ಬೆಳಕು ಸಾಮಾನ್ಯವಾಗಿ ಅದರ ಮೇಲಂಚಿನ ಎತ್ತರದ ಒಂದೂವರೆಯಿಂದ ಎರಡು ಪಟ್ಟು ದೂರ ಒಳಗೆ ತಲುಪುತ್ತದೆ. ನಿಮ್ಮಲ್ಲಿ ಅದು 4 ಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಗಾಜನ್ನು ಅಗಲಿಸಿದರೆ ಕಿಟಕಿ ಬದಿಯ ಬೆಂಚು ಇನ್ನಷ್ಟು ಕಾಯುತ್ತದೆ, ಒಳಬದಿಯದು ಮಬ್ಬಾಗಿಯೇ ಕಾಣುತ್ತದೆ, ಆ ಅಂತರ ಕಣ್ಣಿಗೆ ಹೊಡೆದೊಡನೆ ಓದಲು ಸಾಕಾಗುವಷ್ಟು ಬೆಳಕಿದ್ದರೂ ಯಾರಾದರೊಬ್ಬರು ಎದ್ದು ಸ್ವಿಚ್ ಹಾಕುತ್ತಾರೆ. ಇಳಿಹೊತ್ತಿನ ಸೂರ್ಯ ತೀರ ಕೆಳಗಿರುವುದರಿಂದ ಪಶ್ಚಿಮಕ್ಕೆ ಸಜ್ಜಾ ಒಂದೇ ಸಾಲದು. ಕಿಟಕಿಯ ಹೊರಗೆ ನೆಟ್ಟಗೆ ನಿಂತು ಬಿಸಿಲು ತಡೆಯುವ ಪಟ್ಟಿಗಳು ಬೇಕು, ಏಕೆಂದರೆ ಒಳಗಿನ ಪರದೆ ತಡೆಯುವ ಹೊತ್ತಿಗೆ ಶಾಖ ಕೊಠಡಿಯೊಳಗೆ ಬಂದಾಗಿರುತ್ತದೆ. ಒಳಛಾವಣಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿಸಿ. ದೀಪಗಳ ಸಾಲು ಕಿಟಕಿಗೆ ಸಮಾನಾಂತರವಾಗಿದ್ದು ಪ್ರತಿ ಸಾಲಿಗೆ ಬೇರೆ ಸ್ವಿಚ್ ಇದ್ದರೆ ಕಿಟಕಿ ಬದಿಯ ಸಾಲನ್ನಾದರೂ ಆರಿಸಬಹುದು. ಎದುರು ಗೋಡೆಯ ಆಚೆ ಏನಿದೆ? ಉಳಿದದ್ದು ಆ ಉತ್ತರದ ಮೇಲಿದೆ.

ಪೋಷಕರು: ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಬಿಸಿಲೂ ಇಲ್ಲ, ಬಿಲ್ಲೂ ಅರ್ಧ ಎಂಬ ಸಂದೇಶ ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ.

ವಾಸ್ತುಶಿಲ್ಪಿ: ಹಂಚಿಕೊಳ್ಳಬೇಡಿ. ಬಂದ ಬೆಳಕನ್ನು ತಡೆದು ದೀಪ ಉರಿಸುವುದು ಉಳಿತಾಯವಲ್ಲ. ಕಪ್ಪು ಫಿಲ್ಮ್ ಬಿಸಿಲನ್ನು ಹೀರಿ ಗಾಜನ್ನು ಕಾಯಿಸುತ್ತದೆ. ಕೆಲವು ಗಾಜು ಆ ಕಾವಿಗೇ ಬಿರುಕು ಬಿಡುತ್ತವೆ.

ಗುತ್ತಿಗೆದಾರ: ಛಾವಣಿಗೆ ಪಾರದರ್ಶಕ ಶೀಟ್ ಹಾಕಬಹುದಲ್ಲವೇ?

ವಾಸ್ತುಶಿಲ್ಪಿ: ನಡುಹಗಲ ಬಿಸಿಲು ನೇರವಾಗಿ ಮಕ್ಕಳ ನೆತ್ತಿಗೆ ಇಳಿಯುತ್ತದೆ. ಅಲ್ಲದೆ ಹಳೆಯ ಶೀಟಿನ ಮೇಲೆ ಕಾಲಿಟ್ಟವರು ಕೆಳಗೆ ಬೀಳುವ ಅಪಾಯವಿದೆ. ಬೇಡ.

ಗ್ರಂಥಪಾಲಕಿ: ಬಿಸಿಲು ತಾಗುವ ಕಪಾಟಿನಲ್ಲಿ ಪುಸ್ತಕದ ಬೆನ್ನುಗಳ ಬಣ್ಣ ಮಾಸುತ್ತಿದೆ. ಏನು ಮಾಡಲಿ?

ಇನ್ನೊಬ್ಬ ಸದಸ್ಯ: ದೊಡ್ಡ ಗಾಜು ಹಾಕಿಸಿದರೆ ಸಾಲದೇ ಸರ್?

ವಾಸ್ತುಶಿಲ್ಪಿ: ಮೇಲೆ ಉತ್ತರಿಸಿದ್ದೇನೆ.

ವಿದ್ಯುತ್ ಎಂಜಿನಿಯರ್: ಎಲ್‌ಇಡಿ ಬಂದ ಮೇಲೆ ಇಷ್ಟೊಂದು ತಲೆಕೆಡಿಸಿಕೊಳ್ಳುವುದು ಏತಕ್ಕೆ?

ವಿಜ್ಞಾನ ಶಿಕ್ಷಕ: ಹಗಲ ಬೆಳಕಿನಲ್ಲಿ ಕಲಿತ ಮಕ್ಕಳಿಗೆ 20% ಹೆಚ್ಚು ಅಂಕ ಬರುತ್ತದೆಂದು ಕ್ಯಾಲಿಫೋರ್ನಿಯಾದ ಅಧ್ಯಯನವೇ ಹೇಳಿದೆ.

ವಿದ್ಯುತ್ ಎಂಜಿನಿಯರ್: ಪೂರ್ತಿ ಓದಿ ಮಾತನಾಡಿ. 1999ರ ಆ ವರದಿ ಹೇಳಿದ್ದು ಗಣಿತದ ಪ್ರಗತಿಯ ವೇಗದ ಮಾತು, ಅಂಕದ್ದಲ್ಲ. ಅದೇ ರಾಜ್ಯದ ಫ್ರೆಸ್ನೋದಲ್ಲಿ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದೇ ಫಲ ಕಾಣಲಿಲ್ಲ.

ವಿಜ್ಞಾನ ಶಿಕ್ಷಕ: ಹಾಗಾದರೆ ಮಕ್ಕಳನ್ನು ನೆಲಮಾಳಿಗೆಯಲ್ಲಿ ಕೂರಿಸಿ, ನಿಮ್ಮ ಎಲ್‌ಇಡಿ ಇದೆಯಲ್ಲ.

ವಿದ್ಯುತ್ ಎಂಜಿನಿಯರ್: ವಾದ ಸೋತವರು ಹೀಗೆಯೇ ಬರೆಯುತ್ತಾರೆ.

ವಾಸ್ತುಶಿಲ್ಪಿ: ನಿಮ್ಮ ಜಗಳವನ್ನು ಬೇರೆಡೆ ಮುಂದುವರಿಸಿ. ಆ ಫ್ರೆಸ್ನೋ ಅಧ್ಯಯನದಲ್ಲೇ ಕಣ್ಣು ಕುಕ್ಕುವ ಬಿಸಿಲು ಕಲಿಕೆಗೆ ತೊಡಕೆಂದು ಕಂಡಿತ್ತು. ಇಲ್ಲಿನ ಪ್ರಶ್ನೆಯೂ ಅದೇ. ಮೇಡಂ, ಎದುರು ಗೋಡೆಯ ಆಚೆ ಏನಿದೆಯೆಂದು ನೀವಿನ್ನೂ ತಿಳಿಸಿಲ್ಲ.

ಮುಖ್ಯ ಶಿಕ್ಷಕಿ: ಕ್ಷಮಿಸಿ ಸರ್. ಆಚೆ ತೆರೆದ ಕಾರಿಡಾರ್ ಇದೆ. ಬಾಗಿಲಿನ ಮೇಲೆ ಉದ್ದಕ್ಕೂ ಗಾಜಿನ ವೆಂಟಿಲೇಟರ್ ಕೂಡ ಇದೆ, ಆದರೆ ಅದರ ತುಂಬ ಮಕ್ಕಳ ಚಾರ್ಟ್‌ಗಳನ್ನು ಅಂಟಿಸಿದ್ದೇವೆ.

ವಾಸ್ತುಶಿಲ್ಪಿ: ಮೊದಲು ಆ ಚಾರ್ಟ್‌ಗಳನ್ನು ತೆಗೆಸಿ, ಗಾಜು ಒರೆಸಿ, ನಾಳೆ ಬೆಳಿಗ್ಗೆ ದೀಪ ಹಾಕದೆ ಒಳಬದಿಯ ಬೆಂಚಿನಲ್ಲಿ ನೀವೇ ಕುಳಿತು ಓದಿ ನೋಡಿ. ಗಾರೆಯವರನ್ನು ಆಮೇಲೆ ಕರೆಸೋಣ.