ನಂಬಿಕೆ ನನ್ನದೋ, ಹುಟ್ಟಿದ ಊರಿನದೋ?

ಪ್ರಶ್ನೆ (ಲಿಂಗಸುಗೂರಿನ ಓದುಗ):

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಲಿಂಗಾಯತ ಮನೆತನದಲ್ಲಿ ಹುಟ್ಟಿ ಬೆಳೆದವನು. ಕೂಸಾಗಿದ್ದಾಗಲೇ ನನಗೆ ಲಿಂಗಧಾರಣೆಯಾಗಿತ್ತು. ಬುದ್ಧಿ ತಿಳಿಯುವ ಹೊತ್ತಿಗೆ ಹಣೆಯ ವಿಭೂತಿಯೂ ಕೊರಳ ಕರಡಿಗೆಯೂ ನನ್ನ ಮೈಯ ಭಾಗವೇ ಆಗಿಹೋಗಿದ್ದವು. ಅದೇ ಮನೆಗೆ ಮೊಹರಂ ಕೂಡ ಸ್ವಂತ ಹಬ್ಬವಾಗಿತ್ತು ಎಂದರೆ ನಮ್ಮ ತಾಲ್ಲೂಕಿನ ಮುದಗಲ್ಲಿನ ಸುತ್ತಮುತ್ತಲಿನವರಿಗೆ ಆಶ್ಚರ್ಯವಾಗಲಾರದು. ಮೊಹರಂನ ಬೆಂಕಿಯ ಕುಣಿಯಾದ ಅಲಾಯಿ ಕುಣಿಗೆ ಗುದ್ದಲಿ ಬಿದ್ದ ಮೇಲೆ ಅಮ್ಮ ಚೋಂಗೆ ಎಂಬ ಸಿಹಿ ತಿನಿಸು ಮಾಡುವ ಸಿದ್ಧತೆಯಲ್ಲಿ ತೊಡಗುತ್ತಿದ್ದರು, ಪೂಜೆ ನಡೆಸುವ ಮುಜಾವರರ ಬಳಿ ಸಕ್ಕರೆ ಓದಿಸಿಕೊಂಡು ಬರುತ್ತಿದ್ದರು. ಚಿಕ್ಕಂದಿನಲ್ಲಿ ನನಗೆ ಬಂದ ಜ್ವರ ಬಿಡದಿದ್ದಾಗ ಹೊತ್ತಿದ್ದ ಹರಕೆಯಂತೆ ಒಂದು ವರ್ಷ ನನ್ನನ್ನು ಫಕೀರನನ್ನಾಗಿ ಮಾಡಿ, ಕೊರಳಿಗೆ ಹರಕೆಯ ಕೆಂಪು ದಾರವಾದ ಲಾಡಿ ಹಾಕಿ, ಓಣಿಯ ಮನೆಗಳಲ್ಲಿ ಭಿಕ್ಷೆ ಬೇಡಿಸಿದರು. ಲಿಂಗದ ಕರಡಿಗೆಯೂ ಕೆಂಪು ಲಾಡಿಯೂ ಒಂದೇ ಕೊರಳಲ್ಲಿದ್ದವು, ಅದರಲ್ಲಿ ಏನೋ ಹೊಂದುವುದಿಲ್ಲವೆಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ.

ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಈಚೆಗೆ ಸಹೋದ್ಯೋಗಿಯೊಬ್ಬರು, "ನೀವು ರಿಯಾದ್‌ನಲ್ಲಿ ಹುಟ್ಟಿದ್ದರೆ ಮುಸಲ್ಮಾನರಾಗಿರುತ್ತಿದ್ದಿರಿ, ಬ್ಯಾಂಕಾಕ್‌ನಲ್ಲಿ ಹುಟ್ಟಿದ್ದರೆ ಬೌದ್ಧರಾಗಿರುತ್ತಿದ್ದಿರಿ, ಆಕಸ್ಮಿಕವಾಗಿ ಸಿಕ್ಕಿದ್ದನ್ನು ಸತ್ಯವೆಂದು ಹೇಗೆ ನಂಬುತ್ತೀರಿ?" ಎಂದು ಕೇಳಿದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಆದ್ದರಿಂದಲೇ ಅದು ಮನಸ್ಸಿನಲ್ಲಿ ಉಳಿದಿದೆ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗಲೂ ಅದೇ ಪ್ರಶ್ನೆ ಎದುರಾಗುತ್ತಿದೆ. ಹುಟ್ಟಿದ ಊರು ಮತ್ತು ಬೆಳೆಸಿದವರ ಕೈಯಿಂದ ಬಂದ ನಂಬಿಕೆಯಲ್ಲಿ ನನ್ನದು ಎನ್ನಬಹುದಾದದ್ದು ಎಷ್ಟು? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1 (ಬೆಳ್ತಂಗಡಿಯ ಓದುಗಿ):

ನಿಮ್ಮ ಸಹೋದ್ಯೋಗಿಯವರ ಮಾತಿನ ಹಿಂದೆ ಒಂದು ಗ್ರಹಿಕೆಯಿದೆ: ಒಂದು ಊರು ಒಬ್ಬ ಮನುಷ್ಯನಿಗೆ ಒಂದು ಮತವನ್ನು ಕೊಟ್ಟು ಕಳಿಸುತ್ತದೆ ಎಂಬುದು. ನಿಮ್ಮ ಅನುಭವವೇ ಅದನ್ನು ಸುಳ್ಳು ಮಾಡುತ್ತಿದೆಯಲ್ಲವೇ? ನಾನು ಜೈನ ಮನೆಯವಳು. ನಮ್ಮ ತಾಲ್ಲೂಕಿನ ಧರ್ಮಸ್ಥಳದಲ್ಲಿ ಮಂಜುನಾಥನೆಂದರೆ ಶಿವ, ಪೂಜೆ ಮಾಡುವವರು ಮಾಧ್ವ ವೈಷ್ಣವ ಅರ್ಚಕರು, ಕ್ಷೇತ್ರದ ಆಡಳಿತ ಜೈನರಾದ ಹೆಗ್ಗಡೆ ಮನೆತನದ್ದು. ಇವೆಲ್ಲಕ್ಕೂ ಮೊದಲೇ ಅಲ್ಲಿ ನೆಲೆಸಿದವು ಎಂದು ಸ್ಥಳಪುರಾಣ ಹೇಳುವ ಧರ್ಮದೈವಗಳು ಬೇರೆ. ಅಲ್ಲಿ ಹುಟ್ಟಿದ ಮಗುವಿಗೆ ಊರು ಕೊಡುವ ಮತ ಯಾವುದೆಂದು ಒಂದೇ ಪದದಲ್ಲಿ ಹೇಳಲು ನನ್ನಿಂದಾಗದು.

ನನ್ನ ಮಟ್ಟಿಗೆ ಬೆಳವಣಿಗೆಯಿಂದ ಮೊದಲು ಬಂದದ್ದು ನಂಬಿಕೆಯಲ್ಲ, ನಡವಳಿಕೆ. ಕತ್ತಲಾದ ಮೇಲೆ ಉಣ್ಣಬಾರದು ಎಂಬುದು ಅಹಿಂಸೆಯ ವಿಚಾರ ತಿಳಿಯುವ ಎಷ್ಟೋ ವರ್ಷಗಳ ಮೊದಲೇ ನನ್ನ ಹೊಟ್ಟೆಗೆ ತಿಳಿದಿತ್ತು. ಇಂದಿಗೂ ಹೊರಗೆ ಮಬ್ಬು ಕವಿಯುತ್ತಿದ್ದಂತೆ ಕೈ ತಟ್ಟೆಯಿಂದ ಹಿಂದೆ ಸರಿಯುತ್ತದೆ. ಸೃಷ್ಟಿಕರ್ತನಾದ ಈಶ್ವರನನ್ನು ಜೈನ ದರ್ಶನ ಒಪ್ಪುವುದಿಲ್ಲ ಎಂಬುದನ್ನು ನಾನು ತಿಳಿದದ್ದು ಕಾಲೇಜಿನಲ್ಲಿ. ಅಷ್ಟರಲ್ಲಿ ನೇಮದ (ದೈವದ ಕೋಲದ) ರಾತ್ರಿ ದೈವ ನುಡಿ ಕೊಡುವಾಗ ಕೈಮುಗಿದು ನಿಂತು, ಕಾಲು ನಡುಗಿದ ಅನುಭವ ನನಗಾಗಿತ್ತು. ದರ್ಶನ ಓದಿದ ಮೇಲೂ ಆ ನಡುಕ ಹೋಗಿಲ್ಲ. ಅದನ್ನು ಕಳೆದುಕೊಳ್ಳಬೇಕೆಂಬ ಆಸೆಯೂ ನನಗಿಲ್ಲ.

ಹಾಗೆಂದು ಪರಿಸರವೇ ಎಲ್ಲವೂ ಅಲ್ಲ. ಹೊಯ್ಸಳ ಬಿಟ್ಟಿದೇವ ಶ್ರೀವೈಷ್ಣವದ ಕಡೆಗೆ ಒಲಿದು ವಿಷ್ಣುವರ್ಧನನೆನಿಸಿಕೊಂಡ, 1117ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠಾಪಿಸಿದ. ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಅರಮನೆ ಒಂದೇ, ಕಾಲವೂ ಒಂದೇ. ಮನಸ್ಸುಗಳು ಹಿಡಿದ ದಾರಿ ಬೇರೆ.

ಉತ್ತರ 2 (ಧಾರವಾಡದ ಅಧ್ಯಾಪಕ):

ತತ್ತ್ವಶಾಸ್ತ್ರ ಪಾಠ ಮಾಡುವವನಾಗಿ ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಮಾಡಲು ಬಯಸುತ್ತೇನೆ. ಒಂದು ನಂಬಿಕೆ ನನಗೆ ಎಲ್ಲಿಂದ ಬಂತು ಎನ್ನುವುದು ಬೇರೆ, ಅದು ನಿಜವೇ ಎನ್ನುವುದು ಬೇರೆ. ಮಗ್ಗಿಯನ್ನೂ ನಾವು ಮಾಸ್ತರರ ಬೆತ್ತಕ್ಕೆ ಹೆದರಿ ಬಾಯಿಪಾಠ ಮಾಡಿದವರೇ. ಅದರಿಂದ ಮಗ್ಗಿ ಸುಳ್ಳಾಗುವುದಿಲ್ಲ. ಆದರೆ ಇಷ್ಟಕ್ಕೇ ನಿಮ್ಮ ಸಹೋದ್ಯೋಗಿಯವರ ವಾದ ಬಿದ್ದುಹೋಯಿತು ಎಂದು ನಾನು ಹೇಳಲಾರೆ. ಮಗ್ಗಿ ರಿಯಾದ್‌ನಲ್ಲೂ ಬ್ಯಾಂಕಾಕ್‌ನಲ್ಲೂ ಒಂದೇ, ಮತಗಳು ಹಾಗಲ್ಲ. ಒಂದನ್ನೊಂದು ಒಪ್ಪದ ನಂಬಿಕೆಗಳು ಒಂದೇ ರೀತಿಯಲ್ಲಿ ಮಕ್ಕಳ ಎದೆಗಿಳಿಯುತ್ತವೆ ಎಂದಾದರೆ, "ನನಗೆ ಚಿಕ್ಕಂದಿನಿಂದ ಹಾಗೆ ಅನ್ನಿಸುತ್ತದೆ" ಎಂಬ ಒಂದೇ ಕಾರಣ ನನ್ನ ನಂಬಿಕೆಗೆ ಆಧಾರವಾಗಿ ಸಾಲದು. ಅವರ ವಾದ ಅಲ್ಲಿಯವರೆಗೆ ಸರಿ, ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ.

ಈ ತೊಳಲಾಟ ಹಳೆಯದು. ಪರ್ಷಿಯಾದ ತೂಸ್ ಪಟ್ಟಣದಲ್ಲಿ 1058ರಲ್ಲಿ ಹುಟ್ಟಿದ ಅಲ್-ಗಝಾಲಿ, ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸಲ್ಮಾನರ ಮಕ್ಕಳು ಮುಸಲ್ಮಾನರಾಗಿಯೇ ಬೆಳೆಯುವುದನ್ನು ಎಳವೆಯಲ್ಲೇ ಗಮನಿಸಿದ್ದನು. ಅನುಕರಣೆಯಿಂದ ಬಂದ ನಂಬಿಕೆಯ ಹಿಡಿತ ಆಗಲೇ ತನ್ನಿಂದ ಕಳಚಿತು ಎಂದು ತನ್ನ ಜೀವನವೃತ್ತಾಂತದಲ್ಲಿ ಬರೆದುಕೊಂಡಿದ್ದಾನೆ. ಮುಂದೆ ಬಾಗ್ದಾದಿನ ದೊಡ್ಡ ವಿದ್ಯಾಲಯದ ಹುದ್ದೆಯನ್ನು 1095ರಲ್ಲಿ ಬಿಟ್ಟು ಹೊರಟನು. ಅವನು ಇಸ್ಲಾಂ ಧರ್ಮವನ್ನು ಬಿಡಲಿಲ್ಲ, ಸೂಫಿಗಳ ಸಾಧನೆಯ ದಾರಿ ಹಿಡಿದನು. ಹುಟ್ಟಿದ ಮತದಲ್ಲೇ ಉಳಿದರೂ ಅವನು ಅಲ್ಲಿ ಉಳಿದದ್ದು ಹುಟ್ಟಿದ ಕಾರಣಕ್ಕಲ್ಲ. ನಿಮ್ಮ ಪ್ರಶ್ನೆಗೆ ನನಗೆ ಕಾಣುವ ಅತ್ಯಂತ ಪ್ರಾಮಾಣಿಕವಾದ ಉತ್ತರ ಅವನ ಬದುಕೇ.

ಇನ್ನೊಂದು ವಿಷಯವನ್ನು ಇಲ್ಲಿ ಸೇರಿಸಬೇಕು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಪ್ರಕಟಿಸಿದ, ಭಾರತದ ಸುಮಾರು 30,000 ವಯಸ್ಕರ ಸಮೀಕ್ಷೆಯಲ್ಲಿ ಶೇ. 98ರಷ್ಟು ಜನ ತಾವು ಬೆಳೆದ ಧರ್ಮದಲ್ಲೇ ಇರುವುದಾಗಿ ಹೇಳಿದ್ದಾರೆ. ಅದೇ ಸಂಸ್ಥೆಯ ಸಮೀಕ್ಷೆಗಳಂತೆ ಅಮೆರಿಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ವಯಸ್ಕರು ಬೆಳೆದ ಧರ್ಮದಿಂದ ಬೇರೆಯಾಗಿದ್ದಾರೆ, ಅವರಲ್ಲಿ ಬಹಳಷ್ಟು ಮಂದಿ ಯಾವ ಧರ್ಮಕ್ಕೂ ಸೇರದವರು. ಭಾರತೀಯರ ನಂಬಿಕೆ ಗಟ್ಟಿ, ಅಮೆರಿಕನ್ನರದು ಸಡಿಲ ಎಂದು ಇದನ್ನು ಓದುವುದು ಅವಸರದ ಮಾತಾಗುತ್ತದೆ. ನಮ್ಮಲ್ಲಿ ಧರ್ಮವೆಂದರೆ ಮದುವೆ, ಜಾತಿ, ಆಸ್ತಿ, ಸತ್ತಾಗ ಹೆಗಲು ಕೊಡುವವರು, ಎಲ್ಲವೂ ಸೇರಿದ್ದು. ಅದನ್ನು ಬಿಡುವವನು ಇವೆಲ್ಲವನ್ನೂ ಬಿಡಬೇಕಾಗುತ್ತದೆ. ಏನನ್ನು ನಂಬಬೇಕು ಎಂಬುದನ್ನು ಮಾತ್ರವಲ್ಲ, ನಂಬಿಕೆಯನ್ನು ಬದಲಿಸಲು ಎಷ್ಟು ಬೆಲೆ ತೆರಬೇಕು ಎಂಬುದನ್ನೂ ಹುಟ್ಟೂರೇ ಗೊತ್ತುಮಾಡುತ್ತದೆ.

ಉತ್ತರ 3 (ಕಲಬುರಗಿಯ ಓದುಗಿ):

ಮೇಲಿನ ಮೂವರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಹುಟ್ಟು ನಮಗೆ ನಂಬಿಕೆಯನ್ನಷ್ಟೇ ಕೊಡುವುದಿಲ್ಲ, ಆ ನಂಬಿಕೆಯೊಳಗೆ ನಾವು ಎಲ್ಲಿ ನಿಲ್ಲಬೇಕು ಎಂಬ ಜಾಗವನ್ನೂ ಕೊಡುತ್ತದೆ; ಈ ಮಾತು ಇಲ್ಲಿ ಇನ್ನೂ ಬಂದಿಲ್ಲ. ನಮ್ಮ ಅಜ್ಜಿಗೆ ಊರದೇವಿಯ ಮೇಲೆ ಅಪಾರ ಭಕ್ತಿಯಿತ್ತು. ಜಾತ್ರೆಗೆ ಒಯ್ದ ಕಾಯಿಯನ್ನು ಅವರು ಗುಡಿಯ ಕಟ್ಟೆಯ ಕೆಳಗಿಟ್ಟು ಹಿಂದೆ ಸರಿಯಬೇಕಿತ್ತು. ಪೂಜಾರಿ ಅದನ್ನು ಒಡೆದು, ಅರ್ಧ ಹೋಳನ್ನು ಕೈಗೆ ಕೊಡದೆ ಮತ್ತೆ ಅಲ್ಲೇ ಇಡುತ್ತಿದ್ದರು. ಆ ದೇವಿಯನ್ನು ನಂಬುವುದನ್ನೂ, ಆ ದೂರದಲ್ಲಿ ನಿಲ್ಲುವುದನ್ನೂ ಅಜ್ಜಿಗೆ ಕಲಿಸಿದ್ದು ಒಂದೇ ಊರು.

ಡಾ. ಅಂಬೇಡ್ಕರ್ ಅವರು 1935ರಲ್ಲಿ ಮಹಾರಾಷ್ಟ್ರದ ಯೇವಲಾದಲ್ಲಿ, ತಾವು ಹಿಂದೂವಾಗಿ ಹುಟ್ಟಿದ್ದು ತಮ್ಮ ಕೈಯಲ್ಲಿರಲಿಲ್ಲ, ಆದರೆ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಅದಾದ 21 ವರ್ಷಗಳ ನಂತರ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮವನ್ನು ಸ್ವೀಕರಿಸಿದರು. ಅಷ್ಟು ದೀರ್ಘ ಕಾಲ ಅವರು ಓದಿದರು, ಹೋಲಿಸಿದರು, ಪ್ರಶ್ನಿಸಿದರು. ನನ್ನ ತಂದೆ ಬೌದ್ಧರಾದದ್ದೂ ನಡುವಯಸ್ಸಿನಲ್ಲಿ, ಬಹಳ ಯೋಚಿಸಿದ ಮೇಲೆ.

ಆದರೆ ನನ್ನ ಮಗಳು? ಅವಳು ಬೌದ್ಧ ಮನೆಯಲ್ಲಿ ಹುಟ್ಟಿದವಳು. ಅಂಬೇಡ್ಕರ್ ಅವರು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳನ್ನು ಅವಳು ಶಾಲೆಯ ಪದ್ಯದಂತೆ ಒಪ್ಪಿಸುತ್ತಾಳೆ. ತಂದೆಗೆ ಬಂಡಾಯವಾಗಿದ್ದದ್ದು ಮೊಮ್ಮಗಳಿಗೆ ಮನೆಯ ರೂಢಿ. ಪ್ರಶ್ನೆ ಕೇಳಿದವರ ಲಿಂಗಧಾರಣೆಯ ಮಾತು ಓದಿದಾಗ ನನಗೆ ಹೊಳೆದದ್ದೂ ಇದೇ. ಉಪನಯನವನ್ನು ನಿರಾಕರಿಸಿ ಮನೆ ಬಿಟ್ಟು ಕೂಡಲಸಂಗಮಕ್ಕೆ ನಡೆದರು ಎಂದು ಪರಂಪರೆ ಹೇಳುವ ಬಸವಣ್ಣನವರ ದಾರಿಯನ್ನು ಕಲ್ಯಾಣದ ಶರಣರು ಬೆಳೆದ ಮೇಲೆ ಆರಿಸಿಕೊಂಡರು. ಇಂದು ಅದೇ ದೀಕ್ಷೆಯ ಗುರುತು ಕೂಸಿನ ಕೊರಳಿಗೆ ಬೀಳುತ್ತದೆ. ಇದನ್ನು ದೂರಾಗಿ ಹೇಳುತ್ತಿಲ್ಲ, ನಮ್ಮ ಮನೆಯಲ್ಲೂ ಅದೇ ಆಗುತ್ತಿದೆ.

ಊರು ಎಂಬುದು ಕೂಡ ನಿಂತ ನೀರಲ್ಲ. ನಮ್ಮ ಜಿಲ್ಲೆಯ ಭೀಮಾ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಮಹಾಸ್ತೂಪದ ಅವಶೇಷಗಳಿವೆ. ಈ ನೆಲದಲ್ಲಿ ಹುಟ್ಟಿದವರು ಬೌದ್ಧರಾಗುವುದೇ ಸಹಜವೆನ್ನಿಸುತ್ತಿದ್ದ ಕಾಲವೊಂದಿತ್ತು.

ಪ್ರಶ್ನೆ ಕೇಳಿದವರಿಂದ:

ಮೂವರಿಗೂ ಕೃತಜ್ಞತೆಗಳು. ಕಲಬುರಗಿಯ ಅಕ್ಕನವರ ಮಾತು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ, ಏಕೆಂದರೆ ನನಗೂ ಒಬ್ಬ ಚಿಕ್ಕ ಮಗನಿದ್ದಾನೆ. ಅವನಿಗೆ ಏನನ್ನೂ ಕಲಿಸದೆ, ದೊಡ್ಡವನಾದ ಮೇಲೆ ತಾನೇ ಆರಿಸಿಕೊಳ್ಳಲಿ ಎಂದು ಬಿಡುವುದು ಸರಿಯೇ? ಹಾಗೆ ಬಿಡುವುದೂ ಒಂದು ಬಗೆಯ ಬೆಳೆಸುವಿಕೆಯೇ ಅಲ್ಲವೇ ಎಂಬ ಅನುಮಾನ ನನಗಿದೆ.

ಉತ್ತರ 4 (ಕಲಬುರಗಿಯ ಓದುಗಿ):

ನಿಮ್ಮ ಅನುಮಾನ ಸರಿಯಾಗಿಯೇ ಇದೆ ತಮ್ಮಾ. ಏನನ್ನೂ ಕಲಿಸದ ಮನೆಯ ಮಗುವಿಗೆ ಓಣಿ ಕಲಿಸುತ್ತದೆ, ಶಾಲೆ ಕಲಿಸುತ್ತದೆ, ಈಗಂತೂ ಮೊಬೈಲು ಕಲಿಸುತ್ತದೆ. ನಾನು ಮಗಳನ್ನು ವಿಹಾರಕ್ಕೆ ಕರೆದೊಯ್ಯುತ್ತೇನೆ, ವಂದನೆ ಹೇಳಿಕೊಡುತ್ತೇನೆ. ಅದರ ಜೊತೆಗೆ ಅವಳ ಮುತ್ತಜ್ಜಿ ಕಾಯಿ ಇಟ್ಟು ಹಿಂದೆ ಸರಿಯುತ್ತಿದ್ದ ಕಥೆಯನ್ನೂ, ಅಜ್ಜ ಬೌದ್ಧರಾದಾಗ ಸಿಟ್ಟಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅವರ ಅಣ್ಣನ ಕಥೆಯನ್ನೂ ಹೇಳಿದ್ದೇನೆ. ಆ ದೊಡ್ಡಪ್ಪ ಕೊನೆಯವರೆಗೂ ದೇವಿಯ ಭಕ್ತರಾಗಿಯೇ ಇದ್ದರು. ಅವರನ್ನು ತಪ್ಪುಗಾರರೆಂದು ಮಗಳ ಮುಂದೆ ನಾನು ಎಂದೂ ಆಡಿಲ್ಲ. ಹೋದ ಬೇಸಿಗೆಯಲ್ಲಿ ಅವಳು, "ಅವ್ವಾ, ದೊಡ್ಡಜ್ಜನ ಮನೆಯಲ್ಲಿ ಹುಟ್ಟಿದ್ದರೆ ನಾನೂ ದೇವಿಗೆ ಕೈಮುಗಿಯುತ್ತಿದ್ದೆನೇ?" ಎಂದು ಕೇಳಿದಳು. ಹೌದು, ಬಹುಶಃ ಮುಗಿಯುತ್ತಿದ್ದೆ ಎಂದೆ. ಅದಕ್ಕೆ ಅವಳು ಇನ್ನೂ ಏನೇನೋ ಕೇಳಿದಳು, ಎಲ್ಲಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲವೆಂದೇ ಹೇಳಿದೆ.