ಫ್ಲೆಕ್ಸಿಬಲ್ ಸ್ಕೋಪ್‌ನಲ್ಲಿ (ಬಾಗುವ ಕ್ಯಾಮೆರಾ ಕೊಳವೆ) ಕೆಳಗಂಟಲು ಸರಿಯಾಗಿ ಕಾಣೋದಿಲ್ಲ, ಏನು ಮಾಡಬಹುದು?

ಇಎನ್‌ಟಿ_ಪಿಜಿ: ಮೂಗಿನಿಂದ ಸ್ಕೋಪ್ ಹಾಕಿದಾಗ ವೋಕಲ್ ಕಾರ್ಡ್‌ಗಳು (ಧ್ವನಿತಂತುಗಳು) ಚೆನ್ನಾಗಿ ಕಾಣುತ್ತವೆ. ಆದರೆ ಪೈರಿಫಾರ್ಮ್ ಸೈನಸ್‌ನ (ಧ್ವನಿಪೆಟ್ಟಿಗೆಯ ಎರಡೂ ಪಕ್ಕದ ಗುಳಿ) ತಳ ಮತ್ತು ಪೋಸ್ಟ್‌ಕ್ರೈಕಾಯ್ಡ್ ಭಾಗ (ಧ್ವನಿಪೆಟ್ಟಿಗೆಯ ಹಿಂಬದಿ) ಮುಚ್ಚಿಕೊಂಡೇ ಇರುತ್ತವೆ. 'ಈ...' ಎಂದು ಹೇಳಿಸಿದರೆ ಸ್ವಲ್ಪ ತೆರೆಯುತ್ತದೆ, ಅಷ್ಟೇ. ಕೆನ್ನೆ ಉಬ್ಬಿಸಲು ಹೇಳಿದರೆ ಎಲ್ಲ ಬಿಗಿದುಕೊಂಡು ಏನೂ ಕಾಣೋದಿಲ್ಲ. ಜೊಲ್ಲಿನ ಕಾಟ ಬೇರೆ.

ಗಂಟಲು_ತಜ್ಞ: ಬಿಗಿದುಕೊಳ್ಳುತ್ತದೆ ಅಂದರೆ ರೋಗಿ ತಿಣುಕುತ್ತಿದ್ದಾರೆ. ಆಗ ಗ್ಲಾಟಿಸ್ (ಧ್ವನಿತಂತುಗಳ ನಡುವಿನ ಕಿಂಡಿ) ಮುಚ್ಚಿ ಗಾಳಿ ಎದೆಯಲ್ಲೇ ನಿಲ್ಲುತ್ತದೆ, ಗಂಟಲಿಗೆ ಒತ್ತಡ ಬರುವುದೇ ಇಲ್ಲ. 'ಉಸಿರು ಬಿಗಿಹಿಡಿಯಿರಿ' ಎಂದು ಹೇಳಲೇಬೇಡಿ. ತುಟಿ ಬಿಗಿಯಾಗಿ ಮುಚ್ಚಿ, ಬಲೂನು ಊದುವ ಹಾಗೆ ಕೆನ್ನೆ ಉಬ್ಬಿಸಲು ಹೇಳಿ. ಸ್ಕೋಪ್ ಹಾಕುವ ಮೊದಲೇ ಒಂದೆರಡು ಸಲ ಅಭ್ಯಾಸ ಮಾಡಿಸಿ. ಮೂಗಿನಿಂದ ಗಾಳಿ ಸೋರಿದರೆ ಸ್ಕೋಪ್ ಸುತ್ತಲೂ ಹೊಳ್ಳೆಗಳನ್ನು ರೋಗಿಯೇ ಮೆತ್ತಗೆ ಹಿಡಿದುಕೊಳ್ಳಲಿ.

ಇದಕ್ಕಿಂತ ಮುಖ್ಯ, ಭಂಗಿ. ನೆಟ್ಟಗೆ ಕೂತಾಗ ಲ್ಯಾರಿಂಕ್ಸ್ (ಧ್ವನಿಪೆಟ್ಟಿಗೆ) ಬೆನ್ನೆಲುಬಿನ ಕಡೆಗೆ ಒರಗಿರುತ್ತದೆ. ಮಾರ್ಪಡಿಸಿದ ಕಿಲಿಯನ್ ವಿಧಾನದಲ್ಲಿ ಮೈ ಮುಂದಕ್ಕೆ ಬಾಗಿಸಿ, ಹೊಕ್ಕುಳು ನೋಡುವಂತೆ ತಲೆ ತಗ್ಗಿಸಬೇಕು. ಲ್ಯಾರಿಂಕ್ಸ್ ತನ್ನ ಭಾರಕ್ಕೆ ಮುಂದೆ ಜೋಲುತ್ತದೆ. ಅದೇ ಸ್ಥಿತಿಯಲ್ಲಿ ತಲೆ ಎಡಕ್ಕೆ ತಿರುಗಿಸಿದರೆ ಬಲ ಪೈರಿಫಾರ್ಮ್ ತೆರೆಯುತ್ತದೆ, ಬಲಕ್ಕೆ ತಿರುಗಿಸಿದರೆ ಎಡದ್ದು. ಆಮೇಲೆ ಊದಿಸಿ.

ಊದುವ ತನಕ ಸ್ಕೋಪ್‌ನ ತುದಿಯನ್ನು ಎಪಿಗ್ಲಾಟಿಸ್‌ಗಿಂತ (ಧ್ವನಿಪೆಟ್ಟಿಗೆಯ ಮುಚ್ಚಳ) ಮೇಲೆಯೇ ಇಟ್ಟು, ಜಾಗ ತೆರೆದಾಗ ಮುಂದೆ ಹೋಗಿ. ಊದುವುದು ನಿಲ್ಲುವ ಮೊದಲೇ ಹಿಂದಕ್ಕೆ ಎಳೆಯಿರಿ. ಇಲ್ಲದಿದ್ದರೆ ಗೋಡೆ ತುದಿಯ ಮೇಲೆ ಕುಸಿದು ಓಕರಿಕೆ ಬರುತ್ತದೆ. ಇಷ್ಟಕ್ಕೆಲ್ಲ ಮೂರ್ನಾಲ್ಕು ಸೆಕೆಂಡು ಸಿಗಬಹುದು, ಆದ್ದರಿಂದ ರೆಕಾರ್ಡ್ ಮಾಡಿಕೊಂಡು ನಿಧಾನವಾಗಿ ನೋಡುವುದೇ ಸರಿ.

ಸ್ಕೋಪ್_ರೂಮ್: ಜೊಲ್ಲಿನ ವಿಷಯ. ಮೂಗಿಗೆ ಜೈಲೋಮೆಟಜೋಲಿನ್ (ಮೂಗು ತೆರೆಯುವ ಔಷಧ) ಮತ್ತು ಲಿಗ್ನೋಕೇನ್ (ಮರಗಟ್ಟಿಸುವ ಔಷಧ) ಸಾಕು. ಗಂಟಲಿಗೆ ಧಾರಾಳವಾಗಿ ಸ್ಪ್ರೇ ಮಾಡಿದರೆ ನುಂಗುವ ಅರಿವೇ ಮಂದವಾಗಿ ಜೊಲ್ಲು ನಿಲ್ಲುತ್ತದೆ. ಸ್ಕೋಪ್ ಒಳಗಿರುವಾಗಲೇ ಒಂದು ಗುಟುಕು ನೀರು ಕುಡಿಸಿ ನುಂಗಿಸಿ. ಆಸ್ಪಿರೇಶನ್ (ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವುದು) ಅನುಮಾನ ಇದ್ದರೆ ನೀರು ಬೇಡ. ಲೆನ್ಸ್ ಮಬ್ಬಾದರೆ ಹೊರತೆಗೆಯುವ ಅವಸರ ಬೇಡ, ನುಂಗಿಸಿದರೆ ಎಷ್ಟೋ ಸಲ ತಾನೇ ಒರೆಸಿಕೊಳ್ಳುತ್ತದೆ. ಆವಿ ಕಟ್ಟದಿರಲು, ತುದಿಯನ್ನು ಮೊದಲೇ ಬೆಚ್ಚನೆ ನೀರಲ್ಲಿ ಅದ್ದಿ.

ವ್ಯಾಲೆಕ್ಯುಲಾ (ನಾಲಿಗೆಯ ಬುಡ ಮತ್ತು ಎಪಿಗ್ಲಾಟಿಸ್ ನಡುವಿನ ಗುಳಿ) ನೋಡಬೇಕಾದರೆ ನಾಲಿಗೆ ಹೊರಚಾಚಿಸಿ, ಅದಕ್ಕೆ ಊದುವ ಗೊಡವೆ ಬೇಕಿಲ್ಲ.

ಗಂಟಲು_ತಜ್ಞ: ಒಂದು ಮಾತು ಸೇರಿಸುತ್ತೇನೆ. ಒಂದೇ ಪಕ್ಕದ ಪೈರಿಫಾರ್ಮ್‌ನಲ್ಲಿ ನುಂಗಿದ ಮೇಲೂ ಜೊಲ್ಲು ನಿಂತಿದ್ದರೆ ಅದು ಅಡಚಣೆಯಷ್ಟೇ ಅಲ್ಲ, ಸುಳಿವು. ಅದರ ಕೆಳಗೆ ಗಡ್ಡೆ ಇರಬಹುದು. ಊದಿದಾಗ ಒಂದು ಕಡೆ ಮಾತ್ರ ಹಿಗ್ಗದಿದ್ದರೂ ಹಾಗೆಯೇ. ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್, ಆಯ್ದ ಬಣ್ಣದ ಬೆಳಕಿನಲ್ಲಿ ನೋಡುವ ಸೌಲಭ್ಯ) ಇದ್ದರೆ ಹಾಕಿ, 415 ಮತ್ತು 540 ನ್ಯಾನೋಮೀಟರ್ ಬೆಳಕಿನಲ್ಲಿ ಕಂದು ಚುಕ್ಕೆಗಳಂಥ ಅಸಹಜ ರಕ್ತನಾಳಗಳು ಬಿಳಿ ಬೆಳಕಿಗಿಂತ ಬೇಗ ಕಣ್ಣಿಗೆ ಬೀಳುತ್ತವೆ.

ಇಎನ್‌ಟಿ_ಪಿಜಿ: ಧನ್ಯವಾದ ಸರ್. ಕತ್ತು ಬಾಗಿಸಲು ಆಗದವರಿಗೆ?

ಗಂಟಲು_ತಜ್ಞ: ಕತ್ತಿನ ಮೂಳೆ ತೊಂದರೆ ಇದ್ದರೆ ಬಾಗಿಸುವುದು, ತಿರುಗಿಸುವುದು ಎರಡೂ ಬೇಡ, ಊದಿಸುವುದಷ್ಟೇ. ಸ್ಟ್ರೈಡರ್ (ಉಸಿರುದಾರಿ ಕಿರಿದಾಗಿ ಬರುವ ಕರ್ಕಶ ಸದ್ದು) ಇರುವವರಿಗೆ ಈ ಯಾವ ಕಸರತ್ತೂ ಬೇಡ, ಮೊದಲು ಏರ್‌ವೇ (ಉಸಿರುದಾರಿ) ಕಾಪಾಡಿ. ಅನುಮಾನ ಉಳಿದು ತಳ ಕಾಣದಿದ್ದರೆ ಅರಿವಳಿಕೆ ಕೊಟ್ಟು ಡೈರೆಕ್ಟ್ ಲ್ಯಾರಿಂಗೋಸ್ಕೋಪಿ (ಬಾಯಿಯಿಂದ ಗಟ್ಟಿ ಕೊಳವೆ ಹಾಕಿ ನೇರವಾಗಿ ನೋಡುವುದು) ಮಾಡಿ. 'ಪೋಸ್ಟ್‌ಕ್ರೈಕಾಯ್ಡ್ ಕಾಣಲಿಲ್ಲ' ಎಂದು ರಿಪೋರ್ಟ್‌ನಲ್ಲಿ ಬರೆಯಿರಿ, 'ನಾರ್ಮಲ್' ಎಂದಲ್ಲ.