275 ಸೀಸಿಯೋ, 350 ಸೀಸಿಯೋ? ಸ್ತನದ ಇಂಪ್ಲಾಂಟ್ ಗಾತ್ರವನ್ನು ಹೇಗೆ ನಿರ್ಧರಿಸಬೇಕು?

ಡೊಂಬಿವಲಿ ಪೂರ್ವ (ಪ್ರಶ್ನೆ)

ನಮಸ್ಕಾರ. ನನಗೆ 36 ವರ್ಷ, ಎತ್ತರ ಐದು ಅಡಿ ಎರಡು ಇಂಚು, ತೂಕ 51 ಕಿಲೋ. ಇಬ್ಬರು ಮಕ್ಕಳಿಗೆ ಹಾಲೂಡಿಸಿ ಬಿಡಿಸಿದ ಮೇಲೆ ನನ್ನ ಎದೆಯ ಮೇಲ್ಭಾಗ ಪೂರ್ತಿ ಬತ್ತಿಹೋಗಿದೆ. ಹಳೆಯ ರವಿಕೆಗಳನ್ನು ತೊಟ್ಟರೆ ಮುಂದಿನ ಬಟ್ಟೆ ನೆರಿಗೆಗಟ್ಟಿ ನಿಲ್ಲುತ್ತದೆ. ಸಿಲಿಕೋನ್ ಇಂಪ್ಲಾಂಟ್ ಇಡಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೆಂದು ಎರಡು ವರ್ಷ ಯೋಚಿಸಿಯೇ ತೀರ್ಮಾನಿಸಿದ್ದೇನೆ, ಹಣವನ್ನೂ ನಾನೇ ಕೂಡಿಟ್ಟಿದ್ದೇನೆ. ಆದ್ದರಿಂದ ಮಾಡಿಸಬೇಕೇ ಬೇಡವೇ ಎಂಬ ಚರ್ಚೆಯನ್ನು ದಯವಿಟ್ಟು ಬದಿಗಿಟ್ಟು ಗಾತ್ರದ ಬಗ್ಗೆ ಮಾತ್ರ ತಿಳಿಸಿ.

ಮುಂಬಯಿಯಲ್ಲಿ ಇಬ್ಬರು ಪ್ಲಾಸ್ಟಿಕ್ ಸರ್ಜನ್‌ಗಳನ್ನು ಕಂಡೆ. ಮೊದಲನೆಯವರು ಕ್ಯಾಲಿಪರ್‌ನಂಥ ಸಾಧನದಿಂದ ಅಳೆದು 275 ಸೀಸಿ (ಅಂದರೆ ಅಷ್ಟೇ ಮಿಲಿ) ಎಂದರು. ಎರಡನೆಯವರು ಯಾವ ಕಪ್ ಬೇಕೆಂದು ಕೇಳಿ, ನಾನು 'ಸಿ' ಎಂದಾಗ 350 ಎಂದು ಬರೆದರು. ಅಡುಗೆಮನೆಯ ಲೆಕ್ಕದಲ್ಲಿ ನೋಡಿದರೆ ನಡುವಿನ ವ್ಯತ್ಯಾಸ ಐದು ಟೇಬಲ್ ಚಮಚದಷ್ಟೇ. ಆದರೆ ಇದು ನನ್ನ ಮೈಯೊಳಗೆ ವರ್ಷಗಟ್ಟಲೆ ಇರಬೇಕಾದ ವಸ್ತು. ಇಬ್ಬರ ಮಾತು ಇಷ್ಟು ಬೇರೆಯಾಗುವುದು ಹೇಗೆ? ಅನುಭವವಿದ್ದವರು ಏನನ್ನು ಆಧಾರವಾಗಿಟ್ಟುಕೊಂಡು ತೀರ್ಮಾನಿಸಿದಿರಿ?

ಮಾಟುಂಗಾ ನಿವಾಸಿ

ತಂಗೀ, ಕಪ್ ಕೇಳಿ ಗಾತ್ರ ಬರೆದುಕೊಟ್ಟ ಕಡೆಗೆ ನಾನು ಹೋಗಿ ಬಂದವಳು, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನ್ನ ಎದೆ ಕಿರಿದು, ಪ್ರತಿ ಸ್ತನದ ಬುಡದ ಅಗಲ 11 ಸೆಂ.ಮೀ. ಮಾತ್ರ. ಈ ಅಳತೆ ನನಗೆ ತಿಳಿದದ್ದು ಎರಡನೆಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ. ಮೊದಲನೆಯ ಸಲ ಆ ಆಸ್ಪತ್ರೆಯಲ್ಲಿ ಯಾರೂ ನನ್ನ ಎದೆಗೆ ಅಳತೆಪಟ್ಟಿ ಹಿಡಿಯಲಿಲ್ಲ. ಸಣ್ಣದು ಹಾಕಿಸಿಕೊಂಡವರು ಆಮೇಲೆ ಇನ್ನೂ ದೊಡ್ಡದಿರಬೇಕಿತ್ತು ಎನ್ನುತ್ತಾರೆಂದು ಪರಿಚಯದವರು ಹೇಳಿದ್ದನ್ನು ನಂಬಿ ನಾನೇ 400 ಸೀಸಿ ಕೇಳಿದೆ, ಅವರೂ ತಡೆಯದೆ ಹಾಕಿದರು.

ಮೊದಲ ವರ್ಷ ಸಂತೋಷವಾಗಿಯೇ ಇದ್ದೆ. ಮೂರನೆಯ ವರ್ಷದಲ್ಲಿ ಸ್ನಾನ ಮಾಡುವಾಗ ಸ್ತನದ ಕೆಳಅಂಚಿನಲ್ಲಿ ಇಂಪ್ಲಾಂಟ್‌ನ ಮಡಿಕೆ ಬೆರಳಿಗೆ ಹಾಗೆಯೇ ಸಿಗತೊಡಗಿತು, ನಡುವೆ ತೆಳುವಾದ ಚರ್ಮವೊಂದನ್ನು ಬಿಟ್ಟರೆ ಬೇರೇನೂ ಇಲ್ಲವೆಂಬಂತೆ. ಆಮೇಲೆ ಇಂಪ್ಲಾಂಟ್, ಸ್ತನ ಎದೆಗೆ ಸೇರುವ ಕೆಳಮಡಿಕೆಯ ಗೆರೆಯನ್ನು ದಾಟಿ ಕೆಳಗೆ ಜಾರಿ, ಮೊಲೆತೊಟ್ಟು ಮೇಲ್ಮುಖವಾಯಿತು. ಇದನ್ನು 'ಬಾಟಮಿಂಗ್ ಔಟ್' ಎನ್ನುತ್ತಾರೆ. ಭಾರಕ್ಕೆ ಜಗ್ಗಿ ತೆಳುವಾದ ಅಂಗಾಂಶವನ್ನು ಮತ್ತೆ ದಪ್ಪ ಮಾಡುವ ಉಪಾಯ ಸುಲಭವಿಲ್ಲ. ಎರಡನೆಯ ಸರ್ಜನ್ ಇಂಪ್ಲಾಂಟ್ ಕೂರುವ ಒಳಗಿನ ಜಾಗವನ್ನು ಹೊಲಿದು ಬಿಗಿಗೊಳಿಸಿ 260 ಸೀಸಿ ಇಟ್ಟರು. ಈಗ ಆರಾಮವಾಗಿದ್ದೇನೆ, ಆದರೆ ಆ ಎರಡನೆಯ ಗಾಯ, ರಜೆ, ಖರ್ಚು ಯಾವುದೂ ಬೇಕಿರಲಿಲ್ಲ.

ಒಂದು ಮನೆಯ ಪರೀಕ್ಷೆ ಹೇಳುತ್ತೇನೆ. ಬಿಗಿಯಾಗಿ ಮುಚ್ಚುವ ಜಿಪ್ ಚೀಲಗಳಲ್ಲಿ ಒಂದು ಸಲ 275, ಇನ್ನೊಂದು ಸಲ 350 ಮಿಲಿ ನೀರು ತುಂಬಿಸಿ, ಸ್ಪೋರ್ಟ್ಸ್ ಬ್ರಾದೊಳಗೆ ಇಟ್ಟುಕೊಂಡು ಒಂದು ಪೂರ್ತಿ ದಿನ ಕಳೆಯಿರಿ. ಕಾಲುಚೀಲದಲ್ಲಿ ಅಕ್ಕಿ ತುಂಬುವವರೂ ಇದ್ದಾರೆ, ಆಕಾರ ನೋಡಲು ಅದು ಒಳ್ಳೆಯದು. ಆದರೆ ಅಷ್ಟೇ ಗಾತ್ರದ ಸಿಲಿಕೋನ್‌ಗಿಂತ ಅಕ್ಕಿ ಹಗುರ, ನೀರಿನ ತೂಕ ಮಾತ್ರ ಹೆಚ್ಚುಕಡಿಮೆ ಸಮ. ನಾನು 350ರ ಎರಡು ಚೀಲ, ಅಂದರೆ 700 ಗ್ರಾಂ ಹೊತ್ತು ದಾದರ್ ಸೇತುವೆಯ ಮೆಟ್ಟಿಲು ಹತ್ತಿ, ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಬಂದೆ. ಮನೆ ತಲುಪುವಷ್ಟರಲ್ಲಿ ಹೆಗಲ ಮೇಲೆ ಬ್ರಾ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಮೈಯ ಹೊರಗಿಟ್ಟ ಚೀಲ ಒಳಗೆ ಕೂರುವ ಇಂಪ್ಲಾಂಟ್‌ಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಅದು ನೆನಪಿರಲಿ.

ಪುಣೆ, ಆಪರೇಷನ್ ಥಿಯೇಟರ್ ಶುಶ್ರೂಷಕಿ

ಹದಿನಾಲ್ಕು ವರ್ಷ ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ನಿಂತಿದ್ದೇನೆ. ವೈದ್ಯೆಯಲ್ಲ, ಆದರೆ ಸರ್ಜನ್‌ಗಳು ಏನನ್ನು ಅಳೆಯುತ್ತಾರೆಂಬುದನ್ನು ದಿನವೂ ನೋಡಿದವಳು.

ಮೊದಲು ಕಪ್‌ನ ವಿಷಯ. ಕಪ್ ಎಂಬುದು ಅಳತೆಯೇ ಅಲ್ಲ. 34ಬಿ ಮತ್ತು 32ಸಿ ಬ್ರಾಗಳ ಒಳಗಾತ್ರ ಹೆಚ್ಚುಕಡಿಮೆ ಒಂದೇ, ಮೇಲಾಗಿ ಒಂದು ಕಂಪನಿಯ 'ಸಿ' ಇನ್ನೊಂದರ 'ಬಿ' ಆಗಿರುವುದೂ ಉಂಟು. ಒಳ್ಳೆಯ ಸರ್ಜನ್ ಸ್ತನದ ಬುಡದ ಅಗಲದಿಂದ ಶುರುಮಾಡುತ್ತಾರೆ. ಇಂಪ್ಲಾಂಟ್ ಆ ಅಗಲವನ್ನು ಮೀರಿದರೆ ಒಂದೋ ಕಂಕುಳಿನ ಕಡೆಗೆ ಉಬ್ಬುತ್ತದೆ, ಇಲ್ಲವೇ ನಡುವಿನ ಸಂದನ್ನು ತಿಂದುಹಾಕಿ ಎರಡೂ ಸ್ತನಗಳು ಕೂಡಿಕೊಂಡಂತೆ ಕಾಣುತ್ತವೆ. ಎರಡನೆಯದು ಚರ್ಮದ ಹಿಗ್ಗು: ಮೊಲೆತೊಟ್ಟಿನ ಸುತ್ತಲ ಚರ್ಮವನ್ನು ಮೆಲ್ಲಗೆ ಮುಂದಕ್ಕೆಳೆದು ಎಷ್ಟು ಬರುತ್ತದೆಂದು ನೋಡುತ್ತಾರೆ. ಮೂರನೆಯದು ಮೇಲ್ಭಾಗವನ್ನು ಬೆರಳಿನಲ್ಲಿ ಚಿವುಟಿ ಹಿಡಿದಾಗ ಸಿಗುವ ದಪ್ಪ, ಎರಡು ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಂಚು ಎದ್ದು ಕಾಣದಿರಲೆಂದು ಇಂಪ್ಲಾಂಟ್‌ನ ಮೇಲ್ಭಾಗವನ್ನಾದರೂ ಎದೆಯ ಸ್ನಾಯುವಿನ ಅಡಿಗೆ ಸೇರಿಸುತ್ತಾರೆ. ಜೊತೆಗೆ ತೊಟ್ಟಿನಿಂದ ಕೆಳಮಡಿಕೆಯವರೆಗಿನ ದೂರ.

ಅಮೆರಿಕದ ಸರ್ಜನ್ ಜಾನ್ ಟೆಬೆಟ್ಸ್ ಇಂಥ ಅಳತೆಗಳನ್ನೇ ಕ್ರಮವಾಗಿ ಜೋಡಿಸಿದ ಪದ್ಧತಿಯೊಂದನ್ನು ರೂಪಿಸಿದರು. ಅದರಲ್ಲಿ ಬುಡದ ಅಗಲ 11.5 ಸೆಂ.ಮೀ. ಇದ್ದರೆ ಲೆಕ್ಕ ಸುಮಾರು 275 ಸೀಸಿಯಿಂದ ಶುರುವಾಗುತ್ತದೆ. ಚರ್ಮ ಮೂರು ಸೆಂ.ಮೀ. ಮೀರಿ ಹಿಗ್ಗಿದರೆ 30 ಸೀಸಿ ಸೇರಿಸಿ, ಎರಡಕ್ಕಿಂತ ಕಡಿಮೆ ಹಿಗ್ಗಿದರೆ 30 ಕಳೆಯುತ್ತಾರೆ. ಎಲ್ಲರೂ ಇದನ್ನೇ ಅನುಸರಿಸುವುದಿಲ್ಲ, ಆದರೆ ನಿಮ್ಮ ಮೊದಲ ವೈದ್ಯರ 275 ಎಲ್ಲಿಂದ ಬಂದಿರಬಹುದೆಂದು ಇದರಿಂದ ತಿಳಿಯುತ್ತದೆ.

ಇನ್ನು ಪ್ರೊಫೈಲ್, ಅಂದರೆ ಇಂಪ್ಲಾಂಟ್ ಮುಂದಕ್ಕೆ ಎಷ್ಟು ಚಾಚಿರುತ್ತದೆಂಬುದು. ನಿಮ್ಮ ಗೊಂದಲದ ಗಂಟು ಬಹುಶಃ ಇಲ್ಲಿಯೇ ಇದೆ. ಒಂದೇ ಅಗಲದ ತಳವಿರುವ ಎರಡು ಬಟ್ಟಲುಗಳಲ್ಲಿ ಒಂದು ಆಳ, ಇನ್ನೊಂದು ತಟ್ಟೆಯಂತೆ ಇರುವಂತೆಯೇ, ಒಂದೇ ಅಗಲದ ಇಂಪ್ಲಾಂಟ್ ಮಾಡರೇಟ್ ಪ್ರೊಫೈಲ್‌ನಲ್ಲಿ ಕಡಿಮೆ ಸೀಸಿ, ಹೈ ಪ್ರೊಫೈಲ್‌ನಲ್ಲಿ ಹೆಚ್ಚು ಸೀಸಿ ಹಿಡಿಯುತ್ತದೆ. ಇಬ್ಬರೂ ಸೂಚಿಸಿದ ಇಂಪ್ಲಾಂಟ್‌ನ ಅಗಲ ಮತ್ತು ಮುಂಚಾಚು ಎಷ್ಟೆಂದು ಕೇಳಿ. ಸೀಸಿಯೊಂದನ್ನೇ ಹಿಡಿದು ಹೋಲಿಸಬೇಡಿ. ನಿಮ್ಮಲ್ಲಿ ಬತ್ತಿರುವುದು ಮೇಲ್ಭಾಗವಾದ್ದರಿಂದ ಹೆಚ್ಚು ಚಾಚಿದ ಇಂಪ್ಲಾಂಟ್ ಮೇಲಕ್ಕೆ ದುಂಡಗೆ ಉಬ್ಬಿ ಕಾಣುವ ಸಾಧ್ಯತೆಯನ್ನೂ ವಿಚಾರಿಸಿ.

ಎರಡೂ ಸ್ತನಗಳು ಸರಿಸಮ ಇರುವವರು ತೀರಾ ಕಡಿಮೆ. ಹಾಗಾಗಿ ಥಿಯೇಟರ್‌ನಲ್ಲಿ ಸೈಜರ್, ಅಂದರೆ ಗಾತ್ರ ನೋಡಲು ಬಳಸುವ ತಾತ್ಕಾಲಿಕ ಮಾದರಿ, ಒಳಗಿಟ್ಟು, ರೋಗಿಯನ್ನು ಮೇಜಿನ ಮೇಲೆ ಕುಳ್ಳಿರಿಸಿದಂತೆ ಎತ್ತಿ, ಎದುರಿನಿಂದ ನೋಡಿದ ಮೇಲೆಯೇ ಕೆಲವರು ಕೊನೆಯ ಗಾತ್ರ ಗೊತ್ತುಮಾಡುತ್ತಾರೆ. ಒಮ್ಮೊಮ್ಮೆ ಎಡಕ್ಕೊಂದು ಬಲಕ್ಕೊಂದು ಗಾತ್ರ ಹಾಕುವುದೂ ಇದೆ. ನಿಮ್ಮ ಒಪ್ಪಿಗೆಪತ್ರದಲ್ಲಿ ಒಂದೇ ಸಂಖ್ಯೆಯ ಬದಲು ಕನಿಷ್ಠ ಮತ್ತು ಗರಿಷ್ಠ ಮಿತಿ ಬರೆಸಿ.

ಮಡಗಾಂವ್‌ನಿಂದ

ಒಂದೇ ಮಾತು ಸೇರಿಸುತ್ತೇನೆ. ಹಾಲೂಡಿಸಿದ ನಂತರ ತೊಟ್ಟು ಕೆಳಮಡಿಕೆಯ ಗೆರೆಗಿಂತ ಕೆಳಗಿಳಿದಿದ್ದರೆ ಇಂಪ್ಲಾಂಟ್ ಎಷ್ಟೇ ದೊಡ್ಡದಿರಲಿ ಅದನ್ನು ಎತ್ತಿ ನಿಲ್ಲಿಸುವುದಿಲ್ಲ. ಆಗ ಚರ್ಮ ಕತ್ತರಿಸಿ ಎತ್ತುವ ಲಿಫ್ಟ್ ಬೇಕಾಗುತ್ತದೆ. ಲಿಫ್ಟ್‌ನ ಗಾಯದ ಗೆರೆಗಳು ಬೇಡವೆಂದು ದೊಡ್ಡ ಇಂಪ್ಲಾಂಟ್‌ನಿಂದಲೇ ತುಂಬಿಸಲು ನನಗೂ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ, ಲಿಫ್ಟ್ ಜೊತೆಗೆ 220 ಸೀಸಿ ಹಾಕಿಸಿದೆ. ಗೆರೆಗಳಿವೆ, ಆದರೆ ಭಾರವಿಲ್ಲ.

ಡೊಂಬಿವಲಿ ಪೂರ್ವ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿಮ್ಮ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮೊದಲ ಸರ್ಜನ್ ಬಳಿಗೆ ಮತ್ತೆ ಹೋದೆ. ನನ್ನ ಬುಡದ ಅಗಲ ಎಡಕ್ಕೆ 11.5, ಬಲಕ್ಕೆ 11.8 ಸೆಂ.ಮೀ.; ಚರ್ಮದ ಹಿಗ್ಗು ಮೂರಕ್ಕಿಂತ ತುಸು ಹೆಚ್ಚು; ಮೇಲ್ಭಾಗದ ದಪ್ಪ ಒಂದೂವರೆ, ಆದ್ದರಿಂದ ಭಾಗಶಃ ಸ್ನಾಯುವಿನ ಅಡಿಯಲ್ಲೇ ಇಡಬೇಕು. ತೊಟ್ಟು ಮಡಿಕೆಯ ಗೆರೆಗಿಂತ ಮೇಲೆಯೇ ಇದೆಯಂತೆ, ಲಿಫ್ಟ್ ಬೇಡ.

ಇನ್ನೊಬ್ಬರ 350 ಯಾವುದೆಂದು ತಿಳಿಯಲು ಅವರು ಬರೆದ ಚೀಟಿಯನ್ನೇ ತೋರಿಸಿದೆ. ಅದು ಹೈ ಪ್ರೊಫೈಲ್. ಕ್ಯಾಟಲಾಗ್ ತೆರೆದು ಎರಡನ್ನೂ ಅಕ್ಕಪಕ್ಕ ತೋರಿಸಿದಾಗ ಅಗಲ ಬಹುತೇಕ ಒಂದೇ, ಚಾಚು ಮಾತ್ರ ಸುಮಾರು ಒಂದು ಸೆಂ.ಮೀ. ಹೆಚ್ಚು. ಅಂದರೆ ಆ ಐದು ಚಮಚವೂ ಮುಂದಕ್ಕೇ ಹೋಗುತ್ತಿತ್ತು. ನೀರಿನ ಚೀಲದ ಪರೀಕ್ಷೆಯನ್ನೂ ಭಾನುವಾರ ಮಾಡಿದೆ. 350 ಹೊತ್ತು ಬಗ್ಗಿ ಮಗಳ ಬೂಟಿನ ದಾರ ಕಟ್ಟುವಾಗ ಆದ ಜಗ್ಗು ನನಗೆ ಸಾಕಾಯಿತು.

ಒಪ್ಪಿಗೆಪತ್ರದಲ್ಲಿ 'ಮಾಡರೇಟ್ ಪ್ಲಸ್, 265ರಿಂದ 305 ಸೀಸಿ, ಸೈಜರ್ ನೋಡಿ ನಿರ್ಧಾರ, ಎಡ ಬಲ ಬೇರೆಯಾಗಬಹುದು' ಎಂದು ಅವರ ಕೈಯಲ್ಲೇ ಬರೆಸಿಕೊಂಡೆ. ಮಾಡರೇಟ್ ಪ್ಲಸ್ ಎಂದರೆ ಮಾಡರೇಟ್ ಮತ್ತು ಹೈ ನಡುವಿನ ಚಾಚು. ದೀಪಾವಳಿ ಕಳೆದು ಮಕ್ಕಳ ಶಾಲೆ ಶುರುವಾದ ಮೇಲೆ ದಿನ ಗೊತ್ತುಮಾಡಿದ್ದೇವೆ.